ಬಿಡಿ ಬಾಲ್ ಜಾಯಿಂಟೋ, ಪೂರ್ತಿ ಲೋವರ್ ಆರ್ಮೋ? ಹಳೆಯ ಕಾರಿಗೆ ನಾಲ್ಕು ದಾರಿಗಳ ಹೋಲಿಕೆ

ನಿಧಾನವಾಗಿ ಹಂಪು ಇಳಿಯುವಾಗ ಮುಂದಿನ ಚಕ್ರದ ಕಡೆ ‘ಕಟಕ್’ ಎಂದು ಸದ್ದಾದರೆ ಮೊದಲ ಅನುಮಾನ ಶಾಕ್ ಅಬ್ಸಾರ್ಬರ್ ಮೇಲೆ ಹೋಗುತ್ತದೆ. ಮಾರುತಿ 800, ಆಲ್ಟೊ ತರಹದ ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಸವೆದಿರುವುದು ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು) ತುದಿಯಲ್ಲಿರುವ ಬಾಲ್ ಜಾಯಿಂಟು, ಅಂದರೆ ಗೂಡಿನೊಳಗೆ ತಿರುಗುವ ಚೆಂಡಿನ ಕೀಲು. ಅದನ್ನು ಸರಿಪಡಿಸಲು ನಮ್ಮಲ್ಲಿ ನಾಲ್ಕು ದಾರಿಗಳಿವೆ: ಸಿ-ಕ್ಲ್ಯಾಂಪ್ ಪ್ರೆಸ್ (ಸ್ಕ್ರೂ ತಿರುಗಿಸಿ ಒತ್ತುವ C ಆಕಾರದ ಸಾಧನ) ಹಿಡಿದು ಮನೆಯಲ್ಲೇ ಬಿಡಿ ಜಾಯಿಂಟ್ ಕೂರಿಸುವುದು, ಆರ್ಮ್ ಬಿಚ್ಚಿ ಲೇತ್ ಅಂಗಡಿಯ ಪ್ರೆಸ್ಸಿಗೆ ಕೊಡುವುದು, ಪೂರ್ತಿ ಹೊಸ ಆರ್ಮ್ ಹಾಕುವುದು, ಇಲ್ಲವೇ ಹಳೆಯ ಜಾಯಿಂಟನ್ನೇ ‘ಟೈಟ್’ ಮಾಡಿಸುವುದು. ನಾಲ್ಕನ್ನೂ ನೋಡಿದ ಮೇಲೆ ನಮ್ಮ ಒಲವು ಹೊಸ ಆರ್ಮಿನ ಕಡೆಗಿದೆ. ಆದರೆ ಎಲ್ಲ ಕಾರಿಗೂ ಇದೇ ಉತ್ತರವಲ್ಲ.

ಮೊದಲು ದೋಷ ಖಚಿತವಾಗಬೇಕು. ಕಾರನ್ನು ಬಾಡಿಯ ಜಾಕಿ ಪಾಯಿಂಟಿನಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ನೇತಾಡುವಂತೆ ಬಿಡಿ. ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಅದು ವೀಲ್ ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ. ಎಡಬಲ ಹಿಡಿದಾಗ ಮಾತ್ರ ಆಟವಿದ್ದರೆ ಸ್ಟಿಯರಿಂಗಿನ ಭಾಗಗಳಾದ ಟೈ ರಾಡ್ ತುದಿಯನ್ನೋ ರ‍್ಯಾಕನ್ನೋ ನೋಡಿ. ಆಮೇಲೆ ಆರ್ಮ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ತುಂಡು) ನಡುವೆ ಹಾರೆ ಕೊಟ್ಟು ಮೀಟಿ. ಕಣ್ಣಿಗೆ ಕಾಣುವಷ್ಟು ಸಂದು ಬಿಟ್ಟರೆ ಜಾಯಿಂಟ್ ಮುಗಿದಿದೆ. ರಬ್ಬರ್ ಬೂಟ್ ಹರಿದಿದ್ದರೆ ಆಟ ಇಲ್ಲದಿದ್ದರೂ ಬದಲಿಸುವುದೇ ಸರಿ. ಮಲೆನಾಡಿನ ಮಳೆಗಾಲದ ಕೆಸರು ಆ ಬಿರುಕಿನಿಂದ ಒಳಗೆ ಹೋದರೆ ಗ್ರೀಸು ಅರೆಯುವ ಪುಡಿಯಾಗುತ್ತದೆ.

ಈ ಕಾರುಗಳಲ್ಲಿ ಸ್ಪ್ರಿಂಗಿನ ಭಾರ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೂಲಕ ಹೋಗುತ್ತದೆ, ಕೆಳಗಿನ ಜಾಯಿಂಟು ಕಾರಿನ ತೂಕ ಹೊರುವುದಿಲ್ಲ. ಹಾಗೆಂದು ಉದಾಸೀನ ಬೇಡ. ತಿರುವಿನ ಮತ್ತು ಬ್ರೇಕಿನ ಎಳೆತವೆಲ್ಲ ಅದರ ಮೇಲೇ ಬೀಳುತ್ತದೆ. ಚೆಂಡು ಗೂಡಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಗುಚುತ್ತದೆ, ಡ್ರೈವ್ ಶಾಫ್ಟೂ ಕಿತ್ತು ಬರಬಹುದು.

ಟೈಟ್ ಮಾಡಿಸುವುದು

ಇದನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡೋಣ. ಮುಚ್ಚಳವನ್ನು ಬಡಿದು ಒಳಗೆ ತಗ್ಗಿಸುತ್ತಾರೆ, ಇಲ್ಲವೇ ಒಳಗೆ ಹೊಸ ನೈಲಾನ್ ತುಂಬುತ್ತಾರೆ. ಗುಂಡಗಿದ್ದ ಚೆಂಡು ಆ ಹೊತ್ತಿಗೆ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಏಕೆಂದರೆ ಬಹುಪಾಲು ಓಡಾಟ ನೇರ ಹಾದಿಯದು. ನೇರ ಸ್ಥಿತಿಗೆ ಬಿಗಿ ಮಾಡಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಚೆಂಡಿನ ಸವೆಯದ ಭಾಗ ಬಂದು ಸಿಕ್ಕಿಕೊಳ್ಳುತ್ತದೆ. ಸದ್ದು ಕೆಲವು ದಿನ ನಿಲ್ಲುತ್ತದೆ, ಅಪಾಯ ಉಳಿದೇ ಇರುತ್ತದೆ. ಗುಜರಿಯಿಂದ ತಂದ ಹಳೆಯ ಆರ್ಮಿಗೂ ಇದೇ ಮಾತು: ಅದು ಎಷ್ಟು ಓಡಿದೆ, ಯಾವ ಗುಂಡಿಗೆ ಬಿದ್ದು ಬಾಗಿದೆ ಎಂದು ಹೇಳುವವರಿಲ್ಲ.

ಮನೆಯಲ್ಲಿ ಸಿ-ಕ್ಲ್ಯಾಂಪ್, ಅಂಗಡಿಯಲ್ಲಿ ಹೈಡ್ರಾಲಿಕ್ ಪ್ರೆಸ್

ಎರಡೂ ಮಾಡುವ ಕೆಲಸ ಒಂದೇ. ಹಳೆಯ ಜಾಯಿಂಟಿನ ಸರ್ಕ್ಲಿಪ್ (ಹಿಡಿದಿಡುವ ಉಂಗುರ) ತೆಗೆದು, ಅದನ್ನು ಒತ್ತಿ ಹೊರಹಾಕಿ, ಹೊಸದನ್ನು ಒತ್ತಿ ಕೂರಿಸುವುದು. ಸಿ-ಕ್ಲ್ಯಾಂಪಿನ ಅನುಕೂಲವೆಂದರೆ ಜಾಗವಿದ್ದರೆ ಆರ್ಮನ್ನು ಕಾರಿನಲ್ಲೇ ಇಟ್ಟುಕೊಂಡು ಕೆಲಸ ಮಾಡಬಹುದು. ದಪ್ಪ ಎರಕದ ಅಥವಾ ಫೋರ್ಜ್ ಮಾಡಿದ ಆರ್ಮಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಕ್ಲ್ಯಾಂಪಿನ ಮರೆಗೆ (ಸ್ಕ್ರೂ ಥ್ರೆಡ್ಡಿಗೆ) ಗ್ರೀಸು ಹಚ್ಚಿ, ಉದ್ದನೆಯ ಹಿಡಿಕೆಯಿಂದ ಕೈಯಲ್ಲೇ ತಿರುಗಿಸಿ. ಇಂಪ್ಯಾಕ್ಟ್ ಗನ್ ಇಟ್ಟರೆ ಅಗ್ಗದ ಕ್ಲ್ಯಾಂಪಿನ ಮರೆ ಕಿತ್ತುಹೋಗುತ್ತದೆ.

ತಗಡು ಒತ್ತಿ ಮಾಡಿದ ಆರ್ಮಿನಲ್ಲಿ ಕಥೆ ಬೇರೆ. ಕ್ಲ್ಯಾಂಪ್ ಒಂಚೂರು ವಾಲಿದರೂ ಜಾಯಿಂಟು ಓರೆಯಾಗಿ ಇಳಿದು ತೂತಿನ ಅಂಚನ್ನು ಕೆರೆಯುತ್ತದೆ, ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೈಡ್ರಾಲಿಕ್ ಪ್ರೆಸ್ ನೆಟ್ಟಗೆ ಒತ್ತುವುದರಿಂದ ಈ ತೊಂದರೆ ಕಡಿಮೆ, ಆರ್ಮಿನ ಒಳತುದಿಯ ರಬ್ಬರ್ ಬುಷ್ಷನ್ನೂ ಅಲ್ಲೇ ಬದಲಿಸಿಕೊಳ್ಳಬಹುದು. ಎಲ್ಲಿಯೇ ಮಾಡಿಸಿದರೂ ಹೊಸ ಜಾಯಿಂಟಿನ ಹೊರ ಅಂಚಿನ ಮೇಲಷ್ಟೇ ಒತ್ತಡ ಬೀಳಬೇಕು. ಅದಕ್ಕೆ ಸರಿಹೊಂದುವ ಪೈಪ್ ತುಂಡು ಅಥವಾ ದೊಡ್ಡ ಸಾಕೆಟ್ ಇಡಿ. ಮುಚ್ಚಳದ ನಡುವೆ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಗೂಡು ಒಡೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ. ಹೊಸ ಜಾಯಿಂಟು ಕೈಯಲ್ಲಿ ಒತ್ತಿದರೇ ತೂತಿಗೆ ಇಳಿದರೆ ಆ ಆರ್ಮ್ ಕೆಲಸಕ್ಕೆ ಬಾರದು. ಇಂಥ ಹೊತ್ತಿನಲ್ಲಿ ‘ಎರಡು ಟ್ಯಾಕ್ ವೆಲ್ಡ್ ಹೊಡೆದುಬಿಡೋಣ’ ಎನ್ನುವ ಸಲಹೆ ಬಂದೇ ಬರುತ್ತದೆ. ಖಂಡಿತ ಬೇಡ. ವೆಲ್ಡಿಂಗ್ ಶಾಖಕ್ಕೆ ಗೂಡು ಕರಗುತ್ತದೆ, ಗ್ರೀಸು ಸುಡುತ್ತದೆ, ಬೂಟ್ ಸೀಯುತ್ತದೆ.

ಪೂರ್ತಿ ಆರ್ಮ್

ಆಲ್ಟೊ, ವ್ಯಾಗನ್ ಆರ್‌ನಂಥ ಸುಜುಕಿ ಕಾರುಗಳ ಸರ್ವಿಸ್ ಕೈಪಿಡಿ ಆರ್ಮ್ ಮತ್ತು ಬಾಲ್ ಜಾಯಿಂಟನ್ನು ಒಂದೇ ಭಾಗವೆಂದು ಎಣಿಸುತ್ತದೆ: ಯಾವುದು ಕೆಟ್ಟರೂ ಇಡೀ ಆರ್ಮ್ ಬದಲಿಸಬೇಕು. ಆದರೂ ಮಾರುಕಟ್ಟೆಯಲ್ಲಿ ಬಿಡಿ ಜಾಯಿಂಟ್ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಎರಡರ ಬೆಲೆಯ ಅಂತರವೂ ತಿಳಿಯುತ್ತದೆ. ಬಿಡಿ ಜಾಯಿಂಟ್ ಅಗ್ಗ, ನಿಜ. ಅದಕ್ಕೆ ಪ್ರೆಸ್ಸಿನ ಕೂಲಿ, ಹೊಸ ಬುಷ್, ಲೇತ್ ಅಂಗಡಿಗೆ ಹೋಗಿ ಬರುವ ಅರ್ಧ ದಿನ ಸೇರಿಸಿ ನೋಡಿದರೆ ಉಳಿತಾಯ ಬಹಳ ಸಣ್ಣದು. ಜಾಯಿಂಟು ಸವೆಯುವಷ್ಟು ಓಡಿದ ಕಾರಿನಲ್ಲಿ ಬುಷ್ಷೂ ಬಿರುಕು ಬಿಟ್ಟಿರುತ್ತದೆ. ಹೊಸ ಆರ್ಮಿನಲ್ಲಿ ಅದೂ ಹೊಸದಾಗಿಯೇ ಬರುತ್ತದೆ.

ಬಿಚ್ಚುವಾಗ ಒಂದು ಕಡೆ ಮಾತ್ರ ಎತ್ತಬೇಡಿ. 800, ಆಲ್ಟೊಗಳಲ್ಲಿ ಎಡಬಲ ಆರ್ಮುಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ತುದಿ ಆರ್ಮಿನೊಳಗಿಂದಲೇ ಹಾದು ಬರುತ್ತದೆ. ಒಂದೇ ಚಕ್ರ ನೇತಾಡಿದರೆ ಆ ಬಾರ್ ತಿರುಚಿಕೊಂಡು ಆರ್ಮನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಬದಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಬಾರ್ ಸಡಿಲವಾಗುತ್ತದೆ. ಅದರ ತುದಿಯ ನಟ್ಟು ತೆಗೆಯುವಾಗ ವಾಷರ್ ಮತ್ತು ಬುಷ್ಷು ಯಾವ ಮುಖವಾಗಿ, ಯಾವ ಕ್ರಮದಲ್ಲಿ ಇದ್ದವೆಂದು ಫೋಟೊ ತೆಗೆದುಕೊಳ್ಳಿ.

ಹೆಚ್ಚಿನ ಸಮಯ ತಿನ್ನುವುದು ನಕಲ್ಲಿನ ಅಡ್ಡ ಬೋಲ್ಟು. ಜಾಯಿಂಟಿನ ಕಡ್ಡಿ ನಕಲ್ಲಿನ ಸೀಳಿರುವ ತೂತಿನೊಳಗೆ ಕೂರುತ್ತದೆ, ಈ ಬೋಲ್ಟು ಕಡ್ಡಿಯ ಸುತ್ತಲಿನ ಕಚ್ಚಿನ ಮೂಲಕ ಹಾದುಹೋಗುತ್ತದೆ. ಬೋಲ್ಟನ್ನು ಪೂರ್ತಿ ಹೊರಗೆಳೆಯದೆ ಎಷ್ಟು ಬಡಿದರೂ ಕಡ್ಡಿ ಇಳಿಯುವುದಿಲ್ಲ, ಬೋಲ್ಟು ಬಾಗುವುದಷ್ಟೇ ಲಾಭ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಓಡಿದ ಕಾರಾದರೆ ಎರಡು ದಿನ ಮೊದಲೇ ಎಣ್ಣೆ ಬಿಡಲು ಶುರುಮಾಡಿ. ಬೋಲ್ಟು ಬಂದ ಮೇಲೆ ಸೀಳಿಗೆ ಚಪ್ಪಟೆ ಉಳಿಯನ್ನು ಕೂದಲೆಳೆಯಷ್ಟು ಅಗಲಿಸಲು ಮಾತ್ರ ಹೊಡೆಯಿರಿ. ಅತಿಯಾದರೆ ನಕಲ್ಲಿನ ಕಿವಿ ಬಿರಿಯುತ್ತದೆ, ಆಗ ಖರ್ಚು ಬೇರೆಯೇ ಮಟ್ಟದ್ದು. ನಂತರ ಆರ್ಮಿನ ಮೇಲೆ ಹಾರೆ ಇಟ್ಟು ಕೆಳಕ್ಕೆ ಒತ್ತಿದರೆ ಕಡ್ಡಿ ಬಿಡುತ್ತದೆ. ನಕಲ್ಲನ್ನು ಹೊರಕ್ಕೆ ಜಗ್ಗಬೇಡಿ, ಡ್ರೈವ್ ಶಾಫ್ಟಿನ ಒಳ ಜಾಯಿಂಟು ಕಳಚೀತು.

ಜೋಡಿಸುವಾಗ ಹಳೆಯ ಬೋಲ್ಟು ಮತ್ತೆ ಬೇಡ, ಅದೇ ಗ್ರೇಡಿನ ಹೊಸದು ಹಾಕಿ. ಕಡ್ಡಿಯ ಕಚ್ಚು ಎದುರಾಗಿ ಬಂದಾಗ ಬೋಲ್ಟು ಕೈಯಲ್ಲೇ ಸಲೀಸಾಗಿ ದಾಟುತ್ತದೆ. ಬಡಿಯಬೇಕಾಗಿ ಬಂದರೆ ಕಡ್ಡಿ ಇನ್ನೂ ಪೂರ್ತಿ ಏರಿಲ್ಲ ಎಂದರ್ಥ. ಸುಜುಕಿ ಸಣ್ಣ ಕಾರುಗಳಲ್ಲಿ ಇದರ ಬಿಗಿ ಸುಮಾರು 60 ನ್ಯೂಟನ್ ಮೀಟರ್. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಅಂಕಿ ತಾಳೆ ನೋಡಿಕೊಳ್ಳಿ. ಬುಷ್ಷಿನ ಬೋಲ್ಟನ್ನು ಮಾತ್ರ ಈಗಲೇ ಬಿಗಿ ಮಾಡಬಾರದು. ಚಕ್ರಗಳ ಮೇಲೆ ಕಾರಿನ ಭಾರ ಕೂತ ಮೇಲೆ, ಅಥವಾ ಆರ್ಮಿನ ತುದಿಗೆ ಜಾಕಿ ಕೊಟ್ಟು ಆ ಎತ್ತರಕ್ಕೆ ತಂದ ಮೇಲೆ ಬಿಗಿ ಮಾಡಿ. ನೇತಾಡುತ್ತಿರುವಾಗಲೇ ಬಿಗಿ ಮಾಡಿದ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಹೊಸ ಆರ್ಮ್ ಹಾಕಿಯೂ ಬುಷ್ ಬೇಗ ಹೋಯಿತು ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ನಿಮ್ಮ ಕಾರಿನದು ಟೇಪರ್ ಕಡ್ಡಿಯಾಗಿದ್ದರೆ

ಅಡ್ಡ ಬೋಲ್ಟಿಲ್ಲದೆ, ಮೊನಚಾಗುತ್ತ ಹೋಗುವ ಕಡ್ಡಿಗೆ ನಟ್ಟು ಹಾಕಿರುವ ಕಾರುಗಳಿಗೆ ಬಿಡಿಸುವ ಸಾಧನ ಬೇಕು. ಕವಲು ಬೆಣೆ ಬೇಗ ಕೆಲಸ ಮುಗಿಸುತ್ತದೆ, ಬೂಟನ್ನು ಹರಿದೂ ಹಾಕುತ್ತದೆ. ಎಸೆಯುವ ಜಾಯಿಂಟಿಗೆ ಅಡ್ಡಿಯಿಲ್ಲ, ಉಳಿಸಿಕೊಳ್ಳುವ ಟೈ ರಾಡ್ ತುದಿಗೆ ಬಳಸಬೇಡಿ. ನಮ್ಮ ಆಯ್ಕೆ ಸ್ಕ್ರೂ ಇರುವ ಕತ್ತರಿ ಮಾದರಿಯ ಪುಲ್ಲರ್. ಬಿಗಿ ಕೊಟ್ಟು, ನಕಲ್ಲಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದರೆ ‘ಟಪ್’ ಎಂದು ಬಿಡುತ್ತದೆ. ನಟ್ಟನ್ನು ಎರಡು ಮೂರು ಸುತ್ತು ಮರೆಯಲ್ಲಿ ಉಳಿಸಿರಬೇಕು, ಇಲ್ಲದಿದ್ದರೆ ಆರ್ಮ್ ಸಿಡಿದು ಕೈಗೆ ಬಡಿಯುತ್ತದೆ. ಹೊಸದನ್ನು ಹಾಕುವಾಗ ನಟ್ಟಿನ ಜೊತೆ ಕಡ್ಡಿಯೂ ಸುತ್ತಿದರೆ ಕೆಳಗಿನಿಂದ ಜಾಕಿಯಲ್ಲಿ ಒತ್ತಿ ಹಿಡಿಯಿರಿ. ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಬರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು.

ದಪ್ಪ ಆರ್ಮು, ಕಂಪನಿಯೇ ಬಿಡಿ ಜಾಯಿಂಟ್ ಕೊಡುವ ಮಾದರಿ, ಬುಷ್ ಇನ್ನೂ ಗಟ್ಟಿ: ಈ ಮೂರೂ ಇದ್ದರೆ ಲೇತ್ ಅಂಗಡಿಯ ಪ್ರೆಸ್ ಒಳ್ಳೆಯ ದಾರಿ. ಆರ್ಮಿನ ಇನ್ನೊಂದು ತುದಿ ಬಿಚ್ಚಲಾಗದಷ್ಟು ತುಕ್ಕು ಹಿಡಿದಿದ್ದರೆ ಮಾತ್ರ ಸಿ-ಕ್ಲ್ಯಾಂಪ್ ಹಿಡಿಯಿರಿ. ಯಾವುದೇ ದಾರಿಯಾದರೂ ಕೆಲಸವಾದ ಕೂಡಲೇ ವೀಲ್ ಅಲೈನ್‌ಮೆಂಟ್ ಮಾಡಿಸಿ, 100 ಕಿಲೋಮೀಟರ್ ಓಡಿದ ಮೇಲೆ ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.