ಎಗ್ ಡೊನೇಷನ್‌ಗೆ ಯಾರಾದರೂ ಕರೆದರೆ ಮೊದಲು ಕಾಗದ ಕೇಳಿ

ಮಳೆಗಾಲದಲ್ಲಿ ಕೊಡಗಿನ ತೋಟಗಳಲ್ಲಿ ಕೆಲಸ ಕಡಿಮೆ. ಅದನ್ನು ನೋಡಿಕೊಂಡೇ ಏಜೆಂಟ್‌ಗಳು ಲೈನ್‌ಮನೆಗಳಿಗೆ ಬರುತ್ತಾರೆ. ಸುಂಟಿಕೊಪ್ಪ ಕಡೆಯ ನಮ್ಮ ಲೈನಿಗೆ ಬಂದವಳು ಸಂಘದ ಸಾಲದ ಮಾತಾಡುತ್ತಲೇ ಪರಿಚಯವಾದಳು. "ಮಕ್ಕಳಿಲ್ಲದವರಿಗೆ ಎಗ್ ಕೊಡೋದು ಅಷ್ಟೇ ಅಕ್ಕ. ತಿಂಗಳು ತಿಂಗಳು ಸುಮ್ನೆ ಹೋಗುತ್ತಲ್ವಾ?" ಅಂದಳು. ಮೂವತ್ತು ಸಾವಿರ ಕೊಡಿಸುತ್ತೇನೆ ಅಂದಳು. ಕೈಗೆ ಬಂದದ್ದು ಅದರಲ್ಲಿ ಅರ್ಧ.

ಬೆಂಗಳೂರಿನ ಒಂದು ರೂಮಿನಲ್ಲಿ ನನ್ನಂಥವರು ಇನ್ನೂ ಇದ್ದರು. ದಿನಾ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್. ಔಷಧಿ ಡಬ್ಬಿಗಳು ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಾತ್ರೆ ಪಕ್ಕದಲ್ಲಿದ್ದವು. ಅವುಗಳ ಮೇಲೆ ನಮ್ಮ ಹೆಸರೂ ಇಲ್ಲ, ಮಾರ್ಕರಿನಲ್ಲಿ ಬರೆದ ನಂಬರ್ ಅಷ್ಟೇ. ಸಹಿ ಹಾಕಿಸಿಕೊಂಡ ಫಾರಂ ಇಂಗ್ಲಿಷಿನಲ್ಲಿತ್ತು. ಕಾಪಿ ಕೇಳಿದರೆ "ಆಮೇಲೆ" ಅಂದರು. ಮೊಟ್ಟೆ ತೆಗೆದ ದಿನ ಮಂಪರಿನಲ್ಲೇ ನರ್ಸ್ "ಇಪ್ಪತ್ತೊಂದು" ಅಂದದ್ದು ಕೇಳಿಸಿತು. ಸಂಜೆಗೇ ಬಸ್ ಹತ್ತಿಸಿದರು.

ಊರಿಗೆ ಬಂದ ಮೇಲೆ ಹೊಟ್ಟೆ ಊದತೊಡಗಿತು. ಬೆಳಿಗ್ಗೆ ಕಟ್ಟಿದ ಲಂಗದ ಲಾಡಿ ರಾತ್ರಿಗೆ ಸಾಲುತ್ತಿರಲಿಲ್ಲ. ವಾಂತಿ. ಮೂತ್ರ ಒಂದಿಷ್ಟೇ ಇಷ್ಟು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಏಜೆಂಟ್ ಫೋನ್ ಸ್ವಿಚ್ ಆಫ್. ಮಡಿಕೇರಿಯ ಡಾಕ್ಟರ್ ಮೊದಲು ಕೇಳಿದ್ದೇ "ಯಾವ ಇಂಜೆಕ್ಷನ್, ಎಷ್ಟು ಡೋಸ್?" ಅಂತ. ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಸ್ಕ್ಯಾನ್ ಮಾಡಿ ಓಎಚ್‌ಎಸ್‌ಎಸ್ ಅಂದರು. ಹಾರ್ಮೋನ್ ಜಾಸ್ತಿಯಾಗಿ ಅಂಡಾಶಯ ಊದಿ, ರಕ್ತನಾಳಗಳಿಂದ ನೀರು ಹೊಟ್ಟೆಗೆ ಸೋರುವ ತೊಂದರೆ ಅದು. ರಕ್ತ ಹೆಪ್ಪುಗಟ್ಟುವ ಭಯವೂ ಇರುತ್ತದೆ. ಸೂಜಿ ಹಾಕಿ ನೀರು ತೆಗೆದರು. ಖರ್ಚೆಲ್ಲ ನಮ್ಮದೇ.

ನರ್ಸಿಂಗ್ ಓದುವ ಅಕ್ಕನ ಮಗಳು ಕಾನೂನು ಹುಡುಕಿ ಓದಿ ಹೇಳಿದಳು. ಮಕ್ಕಳಾಗಲು ಕೊಡುವ ಚಿಕಿತ್ಸೆಗಳ ಬಗ್ಗೆ ಇರುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ದಾನಿಗೆ 23ರಿಂದ 35 ವಯಸ್ಸಾಗಿರಬೇಕು. ಜೀವನದಲ್ಲಿ ಒಂದೇ ಸಲ ಕೊಡಬಹುದು. 7ಕ್ಕಿಂತ ಹೆಚ್ಚು ಮೊಟ್ಟೆ ತೆಗೆಯುವ ಹಾಗಿಲ್ಲ. ಮಗು ಬೇಕೆನ್ನುವ ದಂಪತಿ ದಾನಿಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸಬೇಕು. ಮೊಟ್ಟೆಯ ವ್ಯಾಪಾರವೇ ಅಪರಾಧ. ನನಗೆ ವಿಮೆಯ ಮಾತನ್ನೇ ಯಾರೂ ಎತ್ತಿರಲಿಲ್ಲ. ರೂಮಿನಲ್ಲಿದ್ದ ಒಬ್ಬಳಂತೂ ತಂಗಿಯ ಆಧಾರ್ ಹಿಡಿದು ಎರಡನೇ ಸಲ ಬಂದಿದ್ದಳು. ಅದೂ ಏಜೆಂಟ್‌ದೇ ಐಡಿಯಾ!

ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಮೊಟ್ಟೆ ಜಾಸ್ತಿ ಬೆಳೆದವರಿಗೆ ಕೊನೆಯ ಇಂಜೆಕ್ಷನ್ ಬೇರೆ ಥರದ್ದು ಕೊಟ್ಟರೆ ಈ ಅಪಾಯ ತುಂಬಾ ಕಡಿಮೆಯಾಗುತ್ತದಂತೆ. ಅಂದರೆ ತಪ್ಪಿಸಬಹುದಿತ್ತು. ಅಮೆರಿಕದಲ್ಲಿ 155 ದಾನಿಗಳನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 30 ಮಂದಿ ತಮಗೆ ಓಎಚ್‌ಎಸ್‌ಎಸ್ ಆಗಿತ್ತು ಅಂದಿದ್ದಾರೆ. ತಾವಾಗಿ ಮುಂದೆ ಬಂದವರ ಲೆಕ್ಕ ಅದು, ಎಲ್ಲ ದಾನಿಗಳದ್ದಲ್ಲ. ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಆಮೇಲೆ ಹೇಗಿದ್ದೀರಿ ಅಂತ ಅವರಲ್ಲಿ ಹೆಚ್ಚಿನವರನ್ನು ಕ್ಲಿನಿಕ್‌ಗಳು ವಿಚಾರಿಸಿಯೇ ಇರಲಿಲ್ಲ.

ಯಾರಾದರೂ ಹೊರಟಿದ್ದರೆ ವಿಮೆ ಪತ್ರ, ಸಹಿ ಮಾಡಿದ ಫಾರಂ, ಇಂಜೆಕ್ಷನ್ ಚೀಟಿ ಮೂರೂ ನಿಮ್ಮ ಕೈಯಲ್ಲೇ ಇರಲಿ. ರಾತ್ರಿ ಫೋನ್ ಎತ್ತುವ ಡಾಕ್ಟರ್ ನಂಬರ್ ಇಲ್ಲದೆ ಮೊದಲ ಸೂಜಿಯನ್ನೂ ಚುಚ್ಚಿಸಿಕೊಳ್ಳಬೇಡಿ. ಹೊಟ್ಟೆ ಊದಿ ಮೂತ್ರ ಕಡಿಮೆಯಾದರೆ ಗ್ಯಾಸ್ ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಮೊಟ್ಟೆ ಕೊಟ್ಟದ್ದನ್ನು ಮುಚ್ಚಿಡದೆ ಹೇಳಿ.

ಅದೇ ಹೆಂಗಸು ಈಗ ಗೋಣಿಕೊಪ್ಪ ಕಡೆ ಟೈಲರಿಂಗ್ ಕ್ಲಾಸ್ ಅಂತ ಹೇಳಿಕೊಂಡು ಮನೆ ಮನೆ ಸುತ್ತುತ್ತಿದ್ದಾಳಂತೆ.