ಲೌಟರ್‌ಬ್ರುನ್ನೆನ್: ಬೇಸಿಗೆಗೆ ಕೆಳಗೆ ಉಳಿಯಿರಿ, ಚಳಿಗಾಲಕ್ಕೆ ಮೇಲೆ

ಸ್ವಿಟ್ಜರ್ಲೆಂಡ್‌ನ ಲೌಟರ್‌ಬ್ರುನ್ನೆನ್ ಕಣಿವೆಗೆ ಆರು ತಿಂಗಳಲ್ಲಿ ಎರಡು ಸಲ ಹೋಗಿ ಬಂದೆ. ಜುಲೈನಲ್ಲಿ ಸಾಗರದಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ, ಜನವರಿಯಲ್ಲಿ ಹೆಂಡತಿಯ ಜೊತೆ. ನಾವಿರುವುದು ಸ್ಟುಟ್‌ಗಾರ್ಟ್‌ನಲ್ಲಿ, ಹಾಗಾಗಿ ಎರಡು ಸಲವೂ ರೈಲಿನಲ್ಲೇ ಹೋಗಿದ್ದು. ಮೊದಲೇ ಹೇಳಿಬಿಡುತ್ತೇನೆ: ಜಾಗಕ್ಕೆ ಐದಕ್ಕೆ ಐದು. ನಾನು ಮಾಡಿದ ಬುಕಿಂಗ್‌ಗೆ ಎರಡೂವರೆ ಕೊಟ್ಟರೆ ಜಾಸ್ತಿ.

ಮೊದಲ ಎಡವಟ್ಟು ದಾರಿಯಲ್ಲೇ ಆಯಿತು. ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ಹತ್ತುವ ರೈಲು ತ್ಸ್ವೈಲ್ಯೂಟ್ಶಿನೆನ್ ಅನ್ನುವ ಪುಟ್ಟ ಸ್ಟೇಷನ್‌ನಲ್ಲಿ ಎರಡಾಗುತ್ತದೆ. ಒಂದು ಭಾಗ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಬೋಗಿಯ ಮೇಲೆ ಬರೆದಿರುತ್ತದೆ, ನೋಡಬೇಕು ಅಷ್ಟೆ. ನಾನು ನೋಡಲಿಲ್ಲ. ನಾಲ್ಕು ಸೂಟ್‌ಕೇಸ್, ಅವಲಕ್ಕಿ ಚೀಲ, ಅಪ್ಪ ಅಮ್ಮ ಎಲ್ಲರನ್ನೂ ಕರೆದುಕೊಂಡು ನೆಟ್ಟಗೆ ಗ್ರಿಂಡೆಲ್‌ವಾಲ್ಡ್‌ಗೆ ಹೋಗಿ ಇಳಿದೆ. "ಇಲ್ಲೂ ಚೆನ್ನಾಗೇ ಇದೆಯಲ್ಲೋ" ಅಂದರು ಅಪ್ಪ. ಬೈದಿದ್ದರೇ ಎಷ್ಟೋ ವಾಸಿ ಇತ್ತು.

ಲೌಟರ್‌ಬ್ರುನ್ನೆನ್ ಊರು ಸುಮಾರು 800 ಮೀಟರ್ ಎತ್ತರದಲ್ಲಿ, ಕಣಿವೆಯ ತಳದಲ್ಲಿದೆ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆಗೋಡೆ, ಅದರ ಮೇಲಿಂದ ನೀರು. ಇಲ್ಲಿಯವರು 72 ಜಲಪಾತ ಅನ್ನುತ್ತಾರೆ, ನಾವು ಎಣಿಸಲಿಲ್ಲ. ಊರಿಗೆ ಅಂಟಿಕೊಂಡೇ ಇರುವ ಸ್ಟೌಬ್‌ಬಾಖ್ 297 ಮೀಟರ್ ಎತ್ತರದಿಂದ ಬೀಳುತ್ತದೆ. ನಮ್ಮ ಜೋಗ 253 ಮೀಟರ್. ಇದನ್ನು ಹೇಳಿದ ತಕ್ಷಣ ಅಪ್ಪನ ಮುಖ ಸಣ್ಣಗಾಯಿತು. "ಎತ್ತರ ಇರಬಹುದು, ನೀರೆಲ್ಲಿದೆ?" ಅಂದರು. ಮಾತೇನೋ ನಿಜ. ಸಣ್ಣ ಹಳ್ಳ ಅದು, ಅರ್ಧ ದಾರಿಗೇ ಗಾಳಿ ಹೊತ್ತುಕೊಂಡು ಹೋಗಿ ನೀರು ಪುಡಿಪುಡಿಯಾಗಿ ಹರಡುತ್ತದೆ. ಸ್ಟೌಬ್ ಅಂದರೆ ಜರ್ಮನ್‌ನಲ್ಲಿ ಧೂಳು. ಆದರೂ ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಾ ಕೂತವರು ಅಪ್ಪನೇ.

ನೀರಿನ ಅಬ್ಬರ ಬೇಕು ಅಂದರೆ ಟ್ರ್ಯೂಮೆಲ್‌ಬಾಖ್‌ಗೆ ಹೋಗಿ. ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಪರ್ವತಗಳ ಹಿಮನದಿ ಕರಗಿದ ನೀರು ಅಲ್ಲಿ ಬೆಟ್ಟದ ಹೊಟ್ಟೆಯೊಳಗೇ ಹತ್ತು ಮೆಟ್ಟಿಲಾಗಿ ಬೀಳುತ್ತದೆ, ಸೆಕೆಂಡಿಗೆ 20,000 ಲೀಟರ್‌ವರೆಗೂ. ಬಂಡೆಯೊಳಗೆ ಕೊರೆದ ಲಿಫ್ಟ್‌ನಲ್ಲಿ ಮೇಲೆ ಹೋಗಿ, ಅಲ್ಲಿಂದ ಮೆಟ್ಟಿಲು. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ಕಬ್ಬಿಣದ ಕಂಬಿ ಹಿಡಿದರೆ ಕೈಗೆ ನಡುಕ ಬರುತ್ತದೆ. ಮೆಟ್ಟಿಲು ಒದ್ದೆ, ಚಪ್ಪಲಿಯಲ್ಲಿ ಹೋಗಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಯುಂಗ್‌ಫ್ರೌಯೋಖ್‌ಗೆ ಹೋಗಬೇಕಾ? 3,454 ಮೀಟರ್ ಎತ್ತರದ ಸ್ಟೇಷನ್, 1912ರಲ್ಲೇ ಬೆಟ್ಟ ಕೊರೆದು ಅಲ್ಲಿಯತನಕ ರೈಲು ಮುಟ್ಟಿಸಿದ್ದಾರೆ. ಸುಮ್ನೆ ಮಾತಲ್ಲ. ಆದರೆ ಬೇಸಿಗೆಯಲ್ಲಿ ರಿಯಾಯಿತಿ ಇಲ್ಲದೆ ಇಂಟರ್‌ಲಾಕೆನ್‌ನಿಂದ ಹೋಗಿ ಬರಲು ಒಬ್ಬರಿಗೇ 200 ಫ್ರಾಂಕ್ ದಾಟುತ್ತದೆ. ಪ್ರವಾಸಿಗರಿಗೆ ಕೊಡುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಅದು ಬಂಡೆಗೋಡೆಗಳ ಮೇಲಿರುವ ವೆಂಗೆನ್, ಮ್ಯೂರೆನ್ ಊರುಗಳ ತನಕ ಮಾತ್ರ ಪೂರ್ತಿ ನಡೆಯುತ್ತದೆ, ಅಲ್ಲಿಂದ ಮೇಲೆ ರಿಯಾಯಿತಿ ಅಷ್ಟೆ. ಮೋಡ ಕವಿದರೆ ಇಷ್ಟೂ ದುಡ್ಡಿಗೆ ಬಿಳಿ ಗೋಡೆ ನೋಡಿ ಬರಬೇಕು. ಹಾಗಾಗಿ ಮುಂಚೆಯೇ ಟಿಕೆಟ್ ತೆಗೆಯಬೇಡಿ. ಬೆಳಿಗ್ಗೆ ಎದ್ದು ಮೇಲಿನ ವೆಬ್‌ಕ್ಯಾಮೆರಾದ ಚಿತ್ರ ನೋಡಿ, ಆಮೇಲೆ ತೀರ್ಮಾನ ಮಾಡಿ. ನಾವು ನೋಡಿದ ದಿನ ಬೆಳ್ಳಗೆ ಇತ್ತು, ಬಿಟ್ಟೆವು.

ಬಿಟ್ಟಿದ್ದೇ ಒಳ್ಳೆಯದಾಯಿತು. ಮಾರನೇ ದಿನ ಮೋಡ ಹರಿಯಿತು. ವೆಂಗೆನ್‌ಗೆ ಹಲ್ಲುಗಾಲಿ ರೈಲು, ಅಲ್ಲಿಂದ ಮೆನ್ಲಿಖೆನ್‌ಗೆ ಕೇಬಲ್ ಕಾರ್, ಅಲ್ಲಿಂದ ಕ್ಲೈನ ಶೈಡೆಗ್‌ಗೆ ನಡಿಗೆ. ನಾಲ್ಕೂವರೆ ಕಿಲೋಮೀಟರ್, ಬಹುಪಾಲು ಸಣ್ಣ ಇಳಿಜಾರು. ಒಂದೂವರೆ ಗಂಟೆಯ ದಾರಿಗೆ ನಾವು ಮೂರು ಗಂಟೆ ತೆಗೆದುಕೊಂಡೆವು. ಅಮ್ಮ ಸೀರೆ ಮೇಲೆ ಜಾಕೆಟ್, ಕಾಲಿಗೆ ನನ್ನ ಹೆಂಡತಿಯ ಶೂ. ಎದುರಿಗೇ ಮೂರು ಪರ್ವತ. ಯುಂಗ್‌ಫ್ರೌ ಅಂದರೆ ಕನ್ಯೆ, ಮೋಂಖ್ ಅಂದರೆ ಸನ್ಯಾಸಿ, ಐಗರ್ ರಾಕ್ಷಸ ಅಂತ ಇಲ್ಲಿಯ ಜನ ಕಥೆ ಕಟ್ಟಿದ್ದಾರೆ, ರಾಕ್ಷಸ ಹುಡುಗಿಯ ಹತ್ತಿರ ಬರದಂತೆ ಸನ್ಯಾಸಿ ನಡುವೆ ನಿಂತಿದ್ದಾನಂತೆ. "ಪಾಪ, ಅವನಿಗ್ಯಾಕೆ ಬೇಕಿತ್ತು ಈ ಉಸಾಬರಿ" ಅಂದರು ಅಮ್ಮ. ಹುಲ್ಲಿನ ಮೇಲೆ ಕೂತು ಅವಲಕ್ಕಿ ತಿಂದೆವು. ಹತ್ತಿರದಲ್ಲೇ ಹಸುಗಳ ಗಂಟೆ, ತೆಂಗಿನಕಾಯಿಗಿಂತ ದೊಡ್ಡದು ಒಂದೊಂದು.

ಉಳಿದುಕೊಂಡ ಅಪಾರ್ಟ್‌ಮೆಂಟ್ ಹೆಸರು ಹೇಳುವುದಿಲ್ಲ. ಸ್ವಚ್ಛವಾಗಿತ್ತು, ಬಾಲ್ಕನಿ ಇತ್ತು. ಕೊನೆಗೆ ಕ್ಲೀನಿಂಗ್‌ಗೆ ಅಂತ ಬೇರೆಯೇ 110 ಫ್ರಾಂಕ್ ತೆಗೆದುಕೊಂಡರು, ಅದೂ ನಾವೇ ಪಾತ್ರೆ ತೊಳೆದು ಕಸ ಹಾಕಿದ ಮೇಲೆ. ಬುಕ್ ಮಾಡುವಾಗ ಕೊನೆಯ ಸಾಲಿನ ತನಕ ಓದಿ.

ಜನವರಿ ಕಥೆ ಬೇರೆ. ನಾವು ಹೋದ ವಾರವೇ ವೆಂಗೆನ್‌ನಲ್ಲಿ ಲೌಬರ್‌ಹಾರ್ನ್ ಸ್ಕೀ ರೇಸ್. 1930ರಿಂದ ನಡೆಯುತ್ತಿರುವ ರೇಸ್ ಅದು, ಇಳಿಜಾರಿನ ಹಾದಿಯೇ ಸುಮಾರು ನಾಲ್ಕೂವರೆ ಕಿಲೋಮೀಟರ್, ಎರಡೂವರೆ ನಿಮಿಷದಲ್ಲಿ ಇಳಿದುಬಿಡುತ್ತಾರೆ. ಇದು ಗೊತ್ತಿಲ್ಲದೆ ರಜೆ ಹಾಕಿದ್ದೆ. ಮೇಲೆ ಒಂದು ಕೋಣೆಯೂ ಸಿಗಲಿಲ್ಲ, ಮತ್ತೆ ಕೆಳಗೇ ಉಳಿದೆವು. ಬೇಸಿಗೆಯಲ್ಲಿ ಅಷ್ಟು ಚೆಂದ ಕಂಡ ಬಂಡೆಗೋಡೆಗಳೇ ಚಳಿಗಾಲದಲ್ಲಿ ಬಿಸಿಲನ್ನು ತಡೆದು ನಿಲ್ಲಿಸುತ್ತವೆ. ಸೂರ್ಯ ತಡವಾಗಿ ಬಂದು, ಇಣುಕಿ, ಹೊರಟುಬಿಡುತ್ತಾನೆ. ಮಧ್ಯಾಹ್ನಕ್ಕೇ ದೀಪ ಹಾಕಿಕೊಂಡು ಕೂರಬೇಕು. ಅದೇ ಹೊತ್ತಿಗೆ 1,274 ಮೀಟರ್ ಎತ್ತರದ ವೆಂಗೆನ್‌ನಲ್ಲಿ ಜನ ಕನ್ನಡಕ ಹಾಕಿಕೊಂಡು ಬಿಸಿಲಲ್ಲಿ ಸೂಪ್ ಕುಡಿಯುತ್ತಿರುತ್ತಾರೆ.

ವೆಂಗೆನ್‌ಗೂ ಮ್ಯೂರೆನ್‌ಗೂ ಹೊರಗಿನ ಕಾರು ಹೋಗುವುದಿಲ್ಲ, ಚಳಿಗಾಲದಲ್ಲಿ ಅದರ ಸುಖ ಗೊತ್ತಾಗುತ್ತದೆ. ಮಕ್ಕಳನ್ನು ಸ್ಲೆಡ್ಜ್ ಮೇಲೆ ಕೂರಿಸಿಕೊಂಡು ಅಂಗಡಿಗೆ ಎಳೆದುಕೊಂಡು ಹೋಗುತ್ತಾರೆ. ಹೊಸಬರು ಸ್ಕೀ ಕಲಿಯುವ ಮೈದಾನ ವೆಂಗೆನ್ ಊರೊಳಗೇ ಇದೆ. ಎರಡು ದಿನದ ಕ್ಲಾಸ್ ಸೇರಿದೆವು. ಪಕ್ಕದಲ್ಲಿ ನಾಲ್ಕು ವರ್ಷದ ಹುಡುಗಿ ಸರ್ರನೆ ಹೋಗುತ್ತಿದ್ದಳು, ನಾನು ಏಡಿಯ ಹಾಗೆ ಅಡ್ಡಡ್ಡ.

ತಪ್ಪು ಪೂರ್ತಿ ನನ್ನದಲ್ಲ. ಬಾಡಿಗೆ ಅಂಗಡಿಯವನು ಕೊಟ್ಟ ಬೂಟು ಬಿಗಿ ಇತ್ತು. ಸ್ಕೀ ಬೂಟು ಹಾಗೇ ಇರಬೇಕು, ಸರಿಹೋಗುತ್ತದೆ ಅಂದ. ಸಂಜೆ ಬಿಚ್ಚಿದಾಗ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಾರನೇ ದಿನ ಒಂದು ಸೈಜ್ ದೊಡ್ಡದು ತಂದಾಗ ಗೊತ್ತಾಯಿತು, ನೇರ ನಿಂತರೆ ಬೆರಳ ತುದಿ ಬೂಟಿಗೆ ಸುಮ್ಮನೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಬಿಡಬೇಕು. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ಓಡಾಡಿ, ನಾಚಿಕೆ ಬೇಡ.

ಸ್ಕೀ ಬೇಡ ಅನ್ನುವವರಿಗೆ ಸ್ಲೆಡ್ಜ್ ಇದೆ. ರೈಲಿನಲ್ಲೇ ಸ್ಲೆಡ್ಜ್ ಹಾಕಿಕೊಂಡು ವೆಂಗೆರ್ನಾಲ್ಪ್‌ಗೆ ಹೋಗಿ, ಅಲ್ಲಿಂದ ವೆಂಗೆನ್‌ಗೆ ಜಾರಿಕೊಂಡು ಬರುವುದು. ಬ್ರೇಕ್ ಅಂದರೆ ನಿಮ್ಮ ಹಿಮ್ಮಡಿ. ಹೆಂಡತಿ ಮೂರು ಸಲ ಹೋದಳು, ನಾನು ಉಗುರಿನ ನೆಪ ಹೇಳಿ ಒಂದೇ ಸಲ.

ಈ ಮಾರ್ಚ್‌ಗೆ ಮತ್ತೆ ಬುಕ್ ಮಾಡಿದ್ದೇನೆ, ವೆಂಗೆನ್‌ನಲ್ಲೇ. ಕ್ಲೀನಿಂಗ್ ದುಡ್ಡು ಸೇರಿದೆಯಾ ಅಂತ ಕೇಳಿ ಬರೆಸಿಕೊಂಡಿದ್ದೇನೆ. ಬೂಟು ಮಾತ್ರ ಸ್ಟುಟ್‌ಗಾರ್ಟ್‌ನಿಂದಲೇ ಒಯ್ಯುತ್ತೇನೆ.