ರಿಜೆಕ್ಟ್ ಆದ ಪೈಲಟ್‌ಗಳಿಗೆ ‘ರೀಅಪ್ಲೈ ಪ್ಯಾಕೇಜ್’ ಮಾರುವವರಿದ್ದಾರೆ, ಹುಷಾರು

ಏರ್‌ಲೈನ್ ಕೆಲಸಕ್ಕೆ ಅರ್ಜಿ ಹಾಕಿ ಮತ್ತೆ ಮತ್ತೆ ರಿಜೆಕ್ಟ್ ಆದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೈಸೆನ್ಸ್ ಇದೆ, ಹೊರಗೆ ಏನೂ ಕಾಣದಿದ್ದಾಗ ಉಪಕರಣ ನೋಡಿಕೊಂಡೇ ಹಾರಿಸಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ, ವೃತ್ತಿಪರ ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಚಾಲ್ತಿಯಲ್ಲಿದೆ, ಕೆಲಸ ಮಾತ್ರ ಇಲ್ಲ. ಇಂಥವರನ್ನೇ ಹುಡುಕಿಕೊಂಡು ಬರುವ ಒಂದು ವ್ಯಾಪಾರ ಇದೆ. ‘ಯಾಕೆ ರಿಜೆಕ್ಟ್ ಆಯಿತು ಅಂತ ನಾವು ಕಂಡುಹಿಡಿಯುತ್ತೇವೆ, ಮತ್ತೆ ಅಪ್ಲೈ ಮಾಡಿಸಿ ಒಳಗೆ ಸೇರಿಸುತ್ತೇವೆ’ ಅನ್ನುತ್ತಾರೆ. ನಾನು ಅಂಥ ಒಂದು ಸಂಸ್ಥೆಗೆ ಹಣ ಕಟ್ಟಿದೆ. ಹಣ ಹೋಗಿದ್ದು ಹೋಗಲಿ. ನನಗೆ ಗೊತ್ತಿಲ್ಲದೆ ನನ್ನ ಹೆಸರಿನಲ್ಲಿ ಸುಳ್ಳು ತುಂಬಿದ ಒಂದು ಅರ್ಜಿ ಏರ್‌ಲೈನ್‌ಗೆ ಹೋಯಿತು. ಅದನ್ನು ತೊಳೆದುಕೊಳ್ಳಲು ಇವತ್ತಿಗೂ ಒದ್ದಾಡುತ್ತಿದ್ದೇನೆ.

ಈ ವ್ಯಾಪಾರ ನಡೆಯುವುದಕ್ಕೆ ಅರ್ಧ ಕಾರಣ ಏರ್‌ಲೈನ್‌ಗಳೇ. ರಿಜೆಕ್ಟ್ ಮಾಡುವ ಮೇಲ್‌ನಲ್ಲಿ ಕಾರಣ ಇರುವುದು ತೀರಾ ಅಪರೂಪ. ‘ಈ ಸಲ ನಿಮ್ಮ ಅರ್ಜಿಯನ್ನು ಮುಂದಕ್ಕೆ ತೆಗೆದುಕೊಳ್ಳಲು ಆಗುತ್ತಿಲ್ಲ, ಶುಭವಾಗಲಿ’ ಎಂಬ ಎರಡು ಸಾಲು. ಫೋನ್ ಮಾಡಿದರೆ ‘ಫೀಡ್‌ಬ್ಯಾಕ್ ಕೊಡುವ ಪದ್ಧತಿ ಇಲ್ಲ’ ಎಂಬ ಉತ್ತರ. ಎಲ್ಲಿ ಎಡವಿದೆ ಅಂತ ಗೊತ್ತಾಗದವನಿಗೆ ‘ನಮಗೆ ಗೊತ್ತು’ ಅನ್ನುವವರು ಸಿಕ್ಕರೆ ಕಿವಿ ಕೊಡದೆ ಇರುವುದು ಕಷ್ಟ, ಅಲ್ವಾ?

ನಾನು ಹೋದ ಕಡೆ ಮೊದಲ ಮಾತುಕತೆಯಲ್ಲೇ ಒಂದು ಸುಳಿವಿತ್ತು. ಯಾವ ಹಂತದಲ್ಲಿ ರಿಜೆಕ್ಟ್ ಆಯಿತು ಅಂತ ಅವರು ಕೇಳಲೇ ಇಲ್ಲ. ಪೈಲಟ್ ಆಯ್ಕೆ ಅಂದರೆ ಒಂದೇ ಪರೀಕ್ಷೆ ಅಲ್ಲ. ಮೊದಲು ಅರ್ಜಿಯ ಸೋಸುವಿಕೆ. ಆಮೇಲೆ ಕಂಪ್ಯೂಟರ್ ಮೇಲಿನ ಆಪ್ಟಿಟ್ಯೂಡ್ ಟೆಸ್ಟ್. ಕೆಲವು ಕಡೆ ಗುಂಪು ಚಟುವಟಿಕೆ. ಆಮೇಲೆ ಇಂಟರ್‌ವ್ಯೂ, ಕಾಕ್‌ಪಿಟ್‌ನ ನಕಲಿನಲ್ಲಿ ಹಾರಿಸಿ ತೋರಿಸುವ ಸಿಮ್ಯುಲೇಟರ್ (ಸಿಮ್) ಪರೀಕ್ಷೆ, ಕೊನೆಗೆ ಮೆಡಿಕಲ್ ಮತ್ತು ದಾಖಲೆಗಳ ಪರಿಶೀಲನೆ. ಒಂದೊಂದಕ್ಕೂ ಬೇಕಾದ ತಯಾರಿ ಬೇರೆ. ಅರ್ಜಿ ಹಂತದಲ್ಲೇ ಬಿದ್ದವನಿಗೆ ಸಿಮ್ ಕೋಚಿಂಗ್ ಕೊಟ್ಟು ಏನು ಪ್ರಯೋಜನ? ಎಲ್ಲರಿಗೂ ಒಂದೇ ಮಾತ್ರೆ ಬರೆದುಕೊಡುವ ಡಾಕ್ಟರ್ ಹತ್ತಿರ ಯಾರೂ ಎರಡನೇ ಸಲ ಹೋಗುವುದಿಲ್ಲ. ಆದರೆ ಇಲ್ಲಿ ಎರಡನೇ ಸಲದ ಹಣವನ್ನೂ ಮುಂಚೆಯೇ ಕಟ್ಟಿಸಿಕೊಳ್ಳುತ್ತಾರೆ.

ಅರ್ಜಿ ಹಂತದಲ್ಲೇ ಬೀಳುವವರು ಬಹಳ ಜನ. ಎಷ್ಟೋ ಸಲ ಕಾರಣ ತೀರಾ ಸಣ್ಣದು. ಫಾರ್ಮ್‌ನಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಗಂಟೆ ಹಾರಿದ್ದೀರಿ ಅಂತ ಕೇಳುತ್ತಾರೆ. ಅಲ್ಲಿ ಸೊನ್ನೆ ಇದ್ದರೆ ಮನುಷ್ಯರ ಕಣ್ಣಿಗೆ ಬೀಳುವ ಮುಂಚೆಯೇ ಅರ್ಜಿ ಬದಿಗೆ ಹೋಗಬಹುದು. ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಅವಧಿ ಮುಗಿದಿರಬಹುದು. ಲೈಸೆನ್ಸ್ ಮೇಲಿನ ಇಂಗ್ಲಿಷ್ ಪ್ರಾವೀಣ್ಯದ ನಮೂದು (ಎಂಡಾರ್ಸ್‌ಮೆಂಟ್) ಕೂಡ ಹಾಗೆಯೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಕೇಳುವುದು ಕನಿಷ್ಠ ಲೆವೆಲ್ 4. ಲೆವೆಲ್ 4 ಇದ್ದವರು ಮೂರು ವರ್ಷಕ್ಕೊಮ್ಮೆ, ಲೆವೆಲ್ 5 ಇದ್ದವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು ಎಂಬುದು ಅದರ ಶಿಫಾರಸು. ಲೆವೆಲ್ 6 ಸಿಕ್ಕಿದ್ದರೆ ಮತ್ತೆ ಬೇಕಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಯಾವ ಪ್ಯಾಕೇಜೂ ಬೇಡ. ಲೈಸೆನ್ಸ್ ಮುಂದಿಟ್ಟುಕೊಂಡು ಒಂದು ಸಂಜೆ ಕೂತರೆ ಸಾಕು.

ನಾನು ತೆಗೆದುಕೊಂಡ ಪ್ಯಾಕೇಜಿನಲ್ಲಿ ಟೆಸ್ಟ್ ಪ್ರಶ್ನೆಗಳು, ಇಂಟರ್‌ವ್ಯೂ ತಯಾರಿ, ಸಿಮ್ ಅಭ್ಯಾಸ ಮತ್ತು ‘ಅರ್ಜಿ ನಿರ್ವಹಣೆ’ ಇದ್ದವು. ಟೆಸ್ಟ್ ಪ್ರಶ್ನೆಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಳೆಯ ಪ್ರಶ್ನೆಗಳ ಫೋಟೋಕಾಪಿ. ಎರಡು ಕೆಲಸ ಒಟ್ಟಿಗೆ ಮಾಡಿಸುವ, ಕಣ್ಣು ಕೈ ಹೊಂದಾಣಿಕೆ ಅಳೆಯುವ ಟೆಸ್ಟ್‌ಗಳಿಗೆ ಪೇಪರ್ ಮೇಲಿನ ಪ್ರಶ್ನೆ ಓದಿ ತಯಾರಾಗಲು ಆಗುವುದಿಲ್ಲ. ಅದು ಯಾರಿಗಾದರೂ ಗೊತ್ತಿರುವ ವಿಷಯ.

ಇಂಟರ್‌ವ್ಯೂ ತಯಾರಿ ಅಂದರೆ ಕಥೆ ಕೊಡುವುದು. ‘ಕ್ಯಾಪ್ಟನ್ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?’ ‘ಒತ್ತಡದಲ್ಲಿ ತೆಗೆದುಕೊಂಡ ಒಂದು ನಿರ್ಧಾರ ಹೇಳಿ.’ ಇಂಥ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳ ಒಂದು ಫೈಲ್ ಕೊಟ್ಟರು. ಎಲ್ಲದರಲ್ಲೂ ನಾಯಕ ನಾವೇ, ಎಲ್ಲದಕ್ಕೂ ಸುಖಾಂತ್ಯ. ಒಂದು ಕಥೆಯಲ್ಲಿ ಕೆಟ್ಟ ಹವಾಮಾನದಲ್ಲಿ ಇನ್‌ಸ್ಟ್ರಕ್ಟರ್‌ಗೆ ಧೈರ್ಯವಾಗಿ ‘ವಾಪಸ್ ಹೋಗೋಣ’ ಅನ್ನುವ ವಿದ್ಯಾರ್ಥಿ ಇದ್ದ. ಆಮೇಲೆ ಒಂದು ಆಯ್ಕೆಯ ದಿನ, ಒಳಗೆ ಕರೆಯುವುದಕ್ಕೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದವರು ತಮ್ಮ ಉತ್ತರ ಗುನುಗಿಕೊಳ್ಳುತ್ತಿದ್ದರು. ಅದೇ ಕೆಟ್ಟ ಹವಾಮಾನ, ಅದೇ ಇನ್‌ಸ್ಟ್ರಕ್ಟರ್, ಅದೇ ಮಾತು. ಕೇಳಿದರೆ ಅವರೂ ಅದೇ ಸಂಸ್ಥೆಯ ಗಿರಾಕಿ! ಎದುರಿಗೆ ಕೂತು ಪ್ರಶ್ನೆ ಕೇಳುವವರಲ್ಲಿ ಒಬ್ಬರಾದರೂ ಅನುಭವಿ ಕ್ಯಾಪ್ಟನ್ ಇರುತ್ತಾರೆ. ‘ಅವತ್ತು ಮೋಡದ ಎತ್ತರ ಎಷ್ಟಿತ್ತು? ಇಂಧನ ಎಷ್ಟಿತ್ತು? ಬದಲಿ ವಿಮಾನ ನಿಲ್ದಾಣ ಯಾವುದು ಇಟ್ಟುಕೊಂಡಿದ್ದಿರಿ?’ ಅಂತ ಒಂದೊಂದೇ ಕೇಳುತ್ತಾ ಹೋದರೆ ಎರವಲು ಕಥೆ ಎಷ್ಟು ಹೊತ್ತು ನಿಂತೀತು? ನಾನು ಆ ಫೈಲ್ ಬಳಸಲಿಲ್ಲ. ನನ್ನದೇ ಸಪ್ಪೆ ಅನುಭವಗಳನ್ನು ಹೇಳಿದೆ. ಸಪ್ಪೆಯಾದರೂ ಅವುಗಳಲ್ಲಿ ನಾನಿದ್ದೆ.

ಸಿಮ್ ಅಭ್ಯಾಸದ ಕಥೆ ಇನ್ನೊಂದು. ಅಲ್ಲಾಡದ ಒಂದು ಸಣ್ಣ ಸಿಮ್. ವಿಮಾನವನ್ನು ಯಾವ ಕಡೆ ತಿರುಗಿಸಬೇಕು ಅಂತ ಗೆರೆಗಳಲ್ಲಿ ತೋರಿಸುವ ಫ್ಲೈಟ್ ಡೈರೆಕ್ಟರ್ ಸದಾ ಆನ್. ಪರದೆಯ ಮೇಲಿನ ಗೆರೆಗಳನ್ನು ಹಿಂಬಾಲಿಸಿದರೆ ಮುಗಿಯಿತು. ಏರ್‌ಲೈನ್ ಆಯ್ಕೆಯ ಸಿಮ್‌ನಲ್ಲಿ ಅದನ್ನೇ ಸಾಮಾನ್ಯವಾಗಿ ಆಫ್ ಮಾಡುತ್ತಾರೆ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋ ಥ್ರಾಟಲ್ ಕೂಡ ಇರುವುದಿಲ್ಲ. ರಾ ಡೇಟಾ, ಅಂದರೆ ಉಪಕರಣಗಳ ನೇರ ಸೂಚನೆಗಳನ್ನಷ್ಟೇ ನೋಡಿಕೊಂಡು ಕೈಯಲ್ಲೇ ಹಾರಿಸಬೇಕು. ಇವರು ಕಲಿಸಿದ್ದು ಅಂಕಿಗಳ ಒಂದು ಪಟ್ಟಿ. ಐಎಲ್‌ಎಸ್ ಅಂದರೆ ರನ್‌ವೇ ಹತ್ತಿರದಿಂದ ಬರುವ ರೇಡಿಯೋ ಸಂಕೇತ ಹಿಡಿದು ಇಳಿಯುವ ವ್ಯವಸ್ಥೆ. ‘ಐಎಲ್‌ಎಸ್‌ನಲ್ಲಿ ಇಳಿಯುವಾಗ ನಿಮಿಷಕ್ಕೆ 700 ಅಡಿ, ಬಾಯಿಪಾಠ ಮಾಡಿ’ ಅಂದರು. 700 ಯಾಕೆ ಅಂತ ಕೇಳಿದೆ. ‘ಅದೆಲ್ಲ ತಲೆ ಕೆಡಿಸಿಕೊಳ್ಳಬೇಡಿ’ ಅಂದರು. ತಲೆ ಕೆಡಿಸಿಕೊಳ್ಳಬೇಕಾದ್ದೇ ಅದು. ರನ್‌ವೇಗೆ ಇಳಿಯುವ 3 ಡಿಗ್ರಿಯ ಓರೆ ದಾರಿಯಾದ ಗ್ಲೈಡ್‌ಸ್ಲೋಪ್‌ನಲ್ಲಿ ಗ್ರೌಂಡ್ ಸ್ಪೀಡನ್ನು (ನೆಲಕ್ಕೆ ಹೋಲಿಸಿದ ವೇಗ, ನಾಟ್‌ಗಳಲ್ಲಿ ಅಂದರೆ ಗಂಟೆಗೆ ನಾಟಿಕಲ್ ಮೈಲಿಗಳಲ್ಲಿ) ಐದರಿಂದ ಗುಣಿಸಿದರೆ ಬೇಕಾದ ಇಳಿಕೆಯ ವೇಗ ಹೆಚ್ಚುಕಮ್ಮಿ ಸಿಗುತ್ತದೆ. 140 ನಾಟ್ ಇದ್ದರೆ 700. ಹಿಂದಿನಿಂದ ಗಾಳಿ ಬೀಸಿ ಗ್ರೌಂಡ್ ಸ್ಪೀಡ್ 160 ಆದರೆ 800. ಬಾಯಿಪಾಠ ಮಾಡಿದವನು 700ಕ್ಕೇ ಅಂಟಿಕೊಂಡು ಕೂತಿರುತ್ತಾನೆ, ವಿಮಾನ ಗ್ಲೈಡ್‌ಸ್ಲೋಪ್‌ಗಿಂತ ಮೇಲೆ ಉಳಿಯುತ್ತಾ ಹೋಗುತ್ತದೆ. ಪರೀಕ್ಷಕರಿಗೆ ಗಾಳಿ ಬದಲಿಸಲು ಒಂದು ಗುಂಡಿ ಸಾಕು.

ಇನ್ನೊಂದು ಮಾತು ಅಲ್ಲಿ ಯಾರೂ ಹೇಳಲಿಲ್ಲ. ಆಯ್ಕೆಯ ಸಿಮ್‌ನಲ್ಲಿ ಪರೀಕ್ಷಕರು ಚೊಕ್ಕ ಲ್ಯಾಂಡಿಂಗ್ ಒಂದನ್ನೇ ನೋಡುವುದಿಲ್ಲ. ಅಭ್ಯರ್ಥಿ ಆ ವಿಮಾನವನ್ನು ಹಿಂದೆ ಹಾರಿಸಿರಲಾರ ಅಂತ ಅವರಿಗೂ ಗೊತ್ತು. ಮೊದಲ ಸಲ ತಪ್ಪಿದ್ದನ್ನು ಹೇಳಿದ ಮೇಲೆ ಎರಡನೇ ಸಲ ತಿದ್ದಿಕೊಳ್ಳುತ್ತಾರಾ, ಪಕ್ಕದಲ್ಲಿರುವವರ ಜೊತೆ ಮಾತಾಡುತ್ತಾರಾ, ಕೆಲಸ ಜಾಸ್ತಿ ಆದಾಗ ಸಹಾಯ ಕೇಳುತ್ತಾರಾ ಅಂತ ನೋಡುತ್ತಾರೆ. ಪಕ್ಕದ ಸೀಟಿನಲ್ಲಿ ಕೂತಿರುವ ಇನ್ನೊಬ್ಬ ಅಭ್ಯರ್ಥಿಯನ್ನು ಪ್ರತಿಸ್ಪರ್ಧಿ ಅಂದುಕೊಂಡು ಸುಮ್ನೆ ಬಿಟ್ಟರೆ ಇಬ್ಬರೂ ಮುಳುಗುತ್ತಾರೆ.

ಈಗ ‘ಅರ್ಜಿ ನಿರ್ವಹಣೆ’. ನನ್ನ ಪ್ರಕಾರ ಇಡೀ ಪ್ಯಾಕೇಜಿನಲ್ಲಿ ಅಪಾಯ ಇರುವುದು ಇಲ್ಲೇ. ಸಿವಿ ತಿದ್ದಿಕೊಡಲು ಅಂತ ಹೇಳಿ ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್, ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ ಎಲ್ಲದರ ಸ್ಕ್ಯಾನ್ ತೆಗೆದುಕೊಂಡರು. ಕರಾರಿನಲ್ಲಿ ಬರೆದಿದ್ದು ‘ದಾಖಲೆಗಳ ಪರಿಶೀಲನೆ’ ಅಂತ ಮಾತ್ರ. ನನ್ನ ಹೆಸರಿನಲ್ಲಿ ಅವರೇ ಅರ್ಜಿ ಹಾಕುತ್ತಾರೆ ಅಂತ ಎಲ್ಲೂ ಇರಲಿಲ್ಲ.

ಹಿಂದೆ ನನ್ನನ್ನು ರಿಜೆಕ್ಟ್ ಮಾಡಿದ್ದ ಒಂದು ಏರ್‌ಲೈನ್‌ಗೆ ಮತ್ತೆ ಅಪ್ಲೈ ಮಾಡಲು ಕಾಯುವ ಅವಧಿ ಇನ್ನೂ ಮುಗಿದಿರಲಿಲ್ಲ. ಈ ಅವಧಿ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಕೆಲವು ಕಡೆ ಆರು ತಿಂಗಳು, ಕೆಲವು ಕಡೆ ವರ್ಷ, ಕೆಲವು ಕಡೆ ಅದಕ್ಕೂ ಜಾಸ್ತಿ. ಸಿಮ್‌ನಲ್ಲಿ ಫೇಲ್ ಆದವರಿಗೆ ಮತ್ತೆ ಬಾಗಿಲು ತೆರೆಯದ ಕಂಪನಿಗಳೂ ಇವೆ. ನಾನು ಅವಧಿ ಮುಗಿಯಲಿ ಅಂತ ಕಾಯುತ್ತಿದ್ದೆ. ಒಂದು ದಿನ ಅವರ ನೇಮಕಾತಿ ವಿಭಾಗದಿಂದ ಮೇಲ್ ಬಂತು. ನನ್ನ ಹೆಸರಿನಲ್ಲಿ ಎರಡು ಪ್ರೊಫೈಲ್ ಇವೆ, ಎರಡರಲ್ಲಿನ ಮಾಹಿತಿ ಹೊಂದುತ್ತಿಲ್ಲ, ವಿವರಣೆ ಕೊಡಿ ಅಂತ.

ಹೊಸ ಇಮೇಲ್ ವಿಳಾಸ ಮಾಡಿ ಇವರೇ ಎರಡನೇ ಪ್ರೊಫೈಲ್ ತೆರೆದಿದ್ದರು. ‘ಹಿಂದೆ ನಮ್ಮಲ್ಲಿ ಅರ್ಜಿ ಹಾಕಿದ್ದೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’. ‘ಯಾವುದಾದರೂ ಫ್ಲೈಟ್ ಚೆಕ್‌ನಲ್ಲಿ ಫೇಲ್ ಆಗಿದ್ದೀರಾ?’ ಅದಕ್ಕೂ ‘ಇಲ್ಲ’. ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯನ್ನು ನಾನು ಪಾಸ್ ಮಾಡಿದ್ದು ಎರಡನೇ ಸಲ. ಅದನ್ನು ನನ್ನ ಮೊದಲ ಅರ್ಜಿಯಲ್ಲೇ ಹೇಳಿದ್ದೆ. ಮಲ್ಟಿ ಎಂಜಿನ್ ಗಂಟೆಗಳನ್ನೂ ಲಾಗ್‌ಬುಕ್‌ನಲ್ಲಿ ಇದ್ದದ್ದಕ್ಕಿಂತ ಮೇಲಕ್ಕೆ ಏರಿಸಿದ್ದರು. ಪೆನ್ನಿನಿಂದ ಹಾರಿಸಿದ ಇಂಥ ಗಂಟೆಗಳಿಗೆ ಪೈಲಟ್‌ಗಳ ನಡುವೆ ‘ಪಾರ್ಕರ್ ಪೆನ್ ಗಂಟೆ’ ಎಂಬ ಅಡ್ಡಹೆಸರೇ ಇದೆ. ಕೇಳಿದರೆ ಸಂಸ್ಥೆಯವರ ಉತ್ತರ ಒಂದೇ: ‘ಎಲ್ಲರೂ ಹೀಗೇ ಮಾಡೋದು, ಯಾರೂ ಚೆಕ್ ಮಾಡೋದಿಲ್ಲ.’

ಚೆಕ್ ಮಾಡುತ್ತಾರೆ. ಇಮೇಲ್ ಬದಲಿಸಬಹುದು, ಹುಟ್ಟಿದ ದಿನಾಂಕ ಮತ್ತು ಲೈಸೆನ್ಸ್ ನಂಬರ್ ಬದಲಿಸಲು ಆಗುವುದಿಲ್ಲ. ಲಾಗ್‌ಬುಕ್‌ನ ಗಂಟೆಗಳನ್ನು ಫ್ಲೈಯಿಂಗ್ ಸ್ಕೂಲಿನ ದಾಖಲೆ, ವಿಮಾನದ ಹಾರಾಟಗಳನ್ನು ದಾಖಲಿಸುವ ಟೆಕ್ ಲಾಗ್ ಜೊತೆ ಹೋಲಿಸಿ ನೋಡಬಹುದು. ಫೇಲ್ ಆದ ಚೆಕ್‌ಗಳನ್ನು ಮುಚ್ಚಿಡುವುದನ್ನು ಏರ್‌ಲೈನ್‌ಗಳು ಯಾಕೆ ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಅನ್ನುವುದಕ್ಕೆ ಹಿನ್ನೆಲೆ ಇದೆ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ 3407 ವಿಮಾನ ಬಿದ್ದು ಅದರಲ್ಲಿದ್ದ 49 ಜನ ಮತ್ತು ಕೆಳಗೆ ಮನೆಯಲ್ಲಿದ್ದ ಒಬ್ಬರು ಸತ್ತರು. ವೇಗ ಕಮ್ಮಿಯಾಗಿ ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಕಂಟ್ರೋಲ್ ಕಾಲಮ್ಮನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದಿದ್ದರು. ಅವರು ಹಿಂದೆ ಫೇಲ್ ಆಗಿದ್ದ ಚೆಕ್‌ಗಳಲ್ಲಿ ಕೆಲವನ್ನು ಕೆಲಸದ ಅರ್ಜಿಯಲ್ಲಿ ಹೇಳಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2010ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1500 ಗಂಟೆ ಹಾರಿರಬೇಕು ಎಂಬ, ಎಲ್ಲರೂ ಮಾತಾಡುವ ನಿಯಮ ಅದರಿಂದಲೇ ಬಂದದ್ದು. ಪೈಲಟ್‌ಗಳ ತರಬೇತಿ ಮತ್ತು ಚೆಕ್ ದಾಖಲೆಗಳನ್ನು ಒಂದೇ ಕಡೆ ಇಡುವ ಡೇಟಾಬೇಸ್ ಆಗಬೇಕು ಅಂತ ಹೇಳಿದ್ದೂ ಅದೇ ಕಾನೂನು.

ಒಂದು ಸಲ ಫೇಲ್ ಆಗಿ ಮತ್ತೆ ಪಾಸ್ ಆದದ್ದನ್ನು ಇಂಟರ್‌ವ್ಯೂನಲ್ಲಿ ನೇರವಾಗಿ ಹೇಳಿ ಕೆಲಸ ಸಿಕ್ಕವರು ನನಗೇ ಗೊತ್ತು. ಮುಚ್ಚಿಟ್ಟದ್ದು ಹೊರಬಿದ್ದರೆ ಫೇಲ್ ಆದ ವಿಷಯ ಹಿಂದಕ್ಕೆ ಹೋಗಿ ಸುಳ್ಳು ಮುಂದೆ ಬಂದು ನಿಲ್ಲುತ್ತದೆ.

ಇದೆಲ್ಲ ನಡೆಯುತ್ತಿದ್ದಾಗಲೇ ಅವರು ಇನ್ನೊಂದು ಮಾರಾಟಕ್ಕೆ ಇಳಿದರು: ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ, ಟೈಪ್ ರೇಟಿಂಗ್. ‘ನಿಮ್ಮ ಹತ್ತಿರ ಟೈಪ್ ರೇಟಿಂಗ್ ಇಲ್ಲ, ಅದಕ್ಕೇ ರಿಜೆಕ್ಟ್ ಆಗುತ್ತಿದೆ. ಏರ್‌ಬಸ್ ಎ320 ಮಾಡಿಬಿಡಿ.’ ಅದೃಷ್ಟಕ್ಕೆ ಅಷ್ಟು ಹಣ ನನ್ನ ಹತ್ತಿರ ಇರಲಿಲ್ಲ. ನನ್ನ ಜೊತೆ ಸೇರಿದ್ದ ಒಬ್ಬರು ಸಾಲ ಮಾಡಿ ಮಾಡಿಕೊಂಡರು. ಕೆಲಸದ ಕರಾರು ಇಲ್ಲದೆ ಟೈಪ್ ರೇಟಿಂಗ್ ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಆ ರೇಟಿಂಗ್ ಆ ಒಂದು ಮಾದರಿಗೆ ಮಾತ್ರ. ಎ320 ರೇಟಿಂಗ್ ಹಿಡಿದುಕೊಂಡು ಬೋಯಿಂಗ್ 737 ಹಾರಿಸಲು ಆಗುವುದಿಲ್ಲ. ಮತ್ತೆ, ಅದಕ್ಕೂ ಅವಧಿ ಇದೆ. ಯುರೋಪಿನ ನಿಯಮದಲ್ಲಿ ಒಂದು ವರ್ಷ. ಆಮೇಲೆ ಪ್ರೊಫಿಶಿಯನ್ಸಿ ಚೆಕ್ ಮಾಡಿಸಬೇಕು, ಅದಕ್ಕೆ ಮತ್ತೆ ಸಿಮ್, ಮತ್ತೆ ಹಣ. ಮಾದರಿ ಮೇಲೆ ಒಂದು ಗಂಟೆಯೂ ನಿಜವಾಗಿ ಹಾರಿಸದೆ ರೇಟಿಂಗ್ ಹಳೆಯದಾದರೆ ಅರ್ಜಿಯಲ್ಲಿ ಅದರ ತೂಕ ಅಷ್ಟಕ್ಕಷ್ಟೇ.

ಒಳ್ಳೆಯ ಕೋಚ್‌ಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಮೇಲೆ ನನಗೆ ಸಿಕ್ಕ ನಿವೃತ್ತ ಕ್ಯಾಪ್ಟನ್ ಒಬ್ಬರು ಮೊದಲ ದಿನ ಹಣದ ಮಾತೇ ಎತ್ತಲಿಲ್ಲ. ರಿಜೆಕ್ಟ್ ಆದ ಎಲ್ಲ ಮೇಲ್‌ಗಳನ್ನೂ, ಯಾವ ಹಂತದ ನಂತರ ಬಂದವು ಅನ್ನುವುದನ್ನೂ ತರಲು ಹೇಳಿದರು. ನೋಡಿ, ‘ಇಂಟರ್‌ವ್ಯೂ ತನಕ ಹೋಗಿ ಬೀಳುತ್ತಿದ್ದೀರಿ. ಸಿಮ್‌ಗೆ ಈಗ ಹಣ ಹಾಕಬೇಡಿ’ ಅಂದರು. ಕಳೆದ ಅರ್ಜಿಗೂ ಈ ಅರ್ಜಿಗೂ ನಡುವೆ ಏನು ಬದಲಾಗಿದೆ ಅಂತ ಕೇಳಿದರು. ಮತ್ತೆ ಅಪ್ಲೈ ಮಾಡಿದವರನ್ನು ಏರ್‌ಲೈನ್‌ನವರೂ ಅದನ್ನೇ ಕೇಳುತ್ತಾರೆ. ಹೊಸ ಗಂಟೆಗಳು, ಇನ್‌ಸ್ಟ್ರಕ್ಟರ್ ರೇಟಿಂಗ್, ವಿಮಾನಯಾನದಲ್ಲೇ ನೆಲದ ಮೇಲಿನ ಒಂದು ಕೆಲಸ, ಏನಾದರೂ ಸರಿ. ‘ಅದೇ ನಾನು, ಸ್ವಲ್ಪ ಜಾಸ್ತಿ ಆಸೆ’ ಅನ್ನುವುದು ಉತ್ತರ ಅಲ್ಲ.

ನೀವು ಈಗಾಗಲೇ ಯಾರಿಗಾದರೂ ದಾಖಲೆಗಳನ್ನು ಕೊಟ್ಟಿದ್ದರೆ ತಡ ಮಾಡಬೇಡಿ. ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಅರ್ಜಿ ಹಾಕಿದ್ದಾರೆ ಅಂತ ಲಿಖಿತವಾಗಿ ಕೇಳಿ. ಲಾಗಿನ್ ವಿವರ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ. ನೀವು ಹಿಂದೆ ಅರ್ಜಿ ಹಾಕಿದ್ದ ಏರ್‌ಲೈನ್‌ಗಳಿಗೆ ನೀವೇ ಮೇಲ್ ಮಾಡಿ, ನಿಮ್ಮ ಲೈಸೆನ್ಸ್ ನಂಬರ್‌ನಲ್ಲಿ ಎಷ್ಟು ಪ್ರೊಫೈಲ್ ಇವೆ ಅಂತ ವಿಚಾರಿಸಿ. ಯುರೋಪಿನ ಕಂಪನಿಯಾದರೆ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ ಪ್ರಕಾರ ನಿಮ್ಮ ಬಗ್ಗೆ ಅವರು ಇಟ್ಟುಕೊಂಡಿರುವ ಮಾಹಿತಿ ಕೇಳುವ ಹಕ್ಕು ನಿಮಗಿದೆ. ನಾನು ಕರಾರಿನ ಪ್ರತಿ, ಹಣ ಕಟ್ಟಿದ ರಸೀದಿ, ಲಾಗ್‌ಬುಕ್‌ನ ಸ್ಕ್ಯಾನ್, ಸಂಸ್ಥೆಯವರ ಜೊತೆಗಿನ ಮೇಲ್‌ಗಳು ಎಲ್ಲವನ್ನೂ ಸೇರಿಸಿ ಏರ್‌ಲೈನ್‌ಗೆ ಕಳಿಸಿದೆ. ಎರಡನೇ ಪ್ರೊಫೈಲನ್ನು ಅವರು ತೆಗೆದುಹಾಕಿದರು. ಕಾಯುವ ಅವಧಿಯನ್ನು ಮಾತ್ರ ಆ ಎರಡನೇ ಅರ್ಜಿಯ ದಿನದಿಂದ ಹೊಸದಾಗಿ ಎಣಿಸುತ್ತಿದ್ದಾರೆ. ಹಣ ವಾಪಸ್ ಕೇಳಿದ್ದಕ್ಕೆ ಸಂಸ್ಥೆಯವರು ಮುಂದಿನ ಬ್ಯಾಚ್‌ಗೆ ರಿಯಾಯಿತಿ ಕೊಡುತ್ತೇವೆ ಅಂದಿದ್ದಾರೆ.